ಚಿತ್ರದ ಅಂಚಿನ ಕೀಲು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಆಶ್ರಮದ ಮಗ್ಗುಲಿಗೆ ಆರು ಹಾಸಿಗೆಯ ಒಂದು ದವಾಖಾನೆ.

ಅದನ್ನು ನಡೆಸುತ್ತಿದ್ದವರು ಡಾಕ್ಟರ್ ಗುರುಪಾದಯ್ಯ. ನಲವತ್ತು ವರ್ಷ ಎಲುಬಿನ ಆಪರೇಷನ್ ಮಾಡಿದವರು. ಕೈ ನಡುಗತೊಡಗಿದ ದಿನವೇ ಕತ್ತರಿ ಕೆಳಗಿಟ್ಟು ಇಲ್ಲಿಗೆ ಬಂದು ಕೂತರು. ಸುತ್ತಲ ಹಳ್ಳಿಯವರು ಅವರನ್ನು ಎಲುಬಿನ ಅಜ್ಜಾರು ಅನ್ನುತ್ತಿದ್ದರು.

ಅವರ ಹತ್ತಿರ ಕಲಿಯಲು ಮಹಾನಂದಾ ಬಂದಳು.

ಮಹಾನಂದಾ ಮೈಯೊಳಗಿನ ಚಿತ್ರಗಳನ್ನು ಓದುವ ಡಾಕ್ಟರ್. ಎಕ್ಸ್‌ರೇ, ಸ್ಕ್ಯಾನ್, ಎಂಆರ್‌ಐ, ಯಾವುದನ್ನು ಮುಂದಿಟ್ಟರೂ ಸರಸರನೆ ಓದಿಬಿಡುತ್ತಿದ್ದಳು. ಶಹರದ ದೊಡ್ಡ ಆಸ್ಪತ್ರೆಯ ಕತ್ತಲೆ ಕೋಣೆಯೊಂದರಲ್ಲಿ ಮೂರು ವರ್ಷ ಕೂತು, ದಿನಕ್ಕೆ ಎಂಬತ್ತು ಚಿತ್ರ ನೋಡಿದ್ದಳು. ಒಂದು ದಿನ ಸಂಜೆ ಹೊರಗೆ ಬಂದಾಗ, ಇಡೀ ದಿನದಲ್ಲಿ ಒಬ್ಬ ರೋಗಿಯ ಮುಖವನ್ನೂ ತಾನು ನೋಡಿಲ್ಲವೆಂದು ಅವಳಿಗೆ ಹೊಳೆಯಿತು. ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕೆಲಸ ಬಿಟ್ಟು ಹೊಳೆ ದಂಡೆಗೆ ಬಂದಳು.

ಗುರುಪಾದಯ್ಯನವರು ಅವಳು ಓದುವಾಗ ಗೆದ್ದ ಪದಕಗಳ ಬಗ್ಗೆ ಏನೂ ಕೇಳಲಿಲ್ಲ.

"ಇಲ್ಲೀಮಟ ಎಷ್ಟು ಮೊಣಕಾಲು ನೋಡೀಯವ್ವಾ?"

"ಎರಡು ಸಾವಿರ ಆಗಿರಬೇಕ್ರಿ."

"ಮುಟ್ಟಿದ್ದು?"

ಮಹಾನಂದಾ ಬೆರಳು ಮಡಚಿ ಎಣಿಸಿದಳು. ಒಂದು ಕೈಯೂ ತುಂಬಲಿಲ್ಲ.

"ಹಂಗಾರ ಇರು," ಅಂದರು ಅವರು.

ಅವಳು ಉಳಿದಳು. ದವಾಖಾನೆಯಲ್ಲಿ ಇದ್ದದ್ದು ಒಂದು ಹಳೇ ಎಕ್ಸ್‌ರೇ ಯಂತ್ರ. ಮೊದಮೊದಲು ಅದನ್ನು ಕಂಡರೆ ಅವಳಿಗೆ ನಗು ಬರುತ್ತಿತ್ತು. ಇಂಥದ್ದರಲ್ಲಿ ಏನು ಕಾಣುತ್ತದೆ ಎಂದು ಒಂದೆರಡು ಸಲ ಗುರುಗಳ ಎದುರಿಗೇ ಅಂದಳು. ಅವರು ಯಂತ್ರದ ಮೇಲಿನ ಧೂಳನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಮುಂದೆ ಹೋಗುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಯಮನವ್ವ ಬಂದಳು.

ಯಮನವ್ವ ಇಪ್ಪತ್ತರ ಹುಡುಗಿ, ಕುಸ್ತಿ ಆಡುವವಳು. ಕುರಿ ಕಾಯುವವರ ಮನೆಯಿಂದ ಬಂದು ಜಿಲ್ಲೆಯ ಕ್ರೀಡಾ ಹಾಸ್ಟೆಲಿನಲ್ಲಿದ್ದಳು. ಅವಳ ತೂಕದಲ್ಲಿ ಅವಳನ್ನು ಚಿತ್ ಮಾಡಿದವರು ಆ ಭಾಗದಲ್ಲಿ ಯಾರೂ ಇರಲಿಲ್ಲ. ಅವಳನ್ನು ಕರೆತಂದವರು ಕುಸ್ತಿ ಕಲಿಸುವ ದಸ್ತಗೀರ ವಸ್ತಾದರು. ಅಭ್ಯಾಸದ ವೇಳೆ ಎದುರಾಳಿ ಅವಳ ಎಡಗಾಲಿನ ಹರಡನ್ನು, ಪಾದ ಕೂಡುವ ಕೀಲನ್ನು, ಹಿಡಿದು ಎಳೆದಿದ್ದಳಂತೆ. ಮೊಣಕಾಲು ಮಡಚಿತ್ತು, ಪಾದ ಒಳಕ್ಕೆ ತಿರುಚಿತ್ತು, ಅದರ ಮೇಲೆಯೇ ಮೈಭಾರ ಬಿದ್ದಿತ್ತು. ಏನೋ ಸಪ್ಪಳವಾಯಿತು ಎಂದಳು ಹುಡುಗಿ. ವಸ್ತಾದರು ತಮಗೇನೂ ಕೇಳಿಸಲಿಲ್ಲ ಎಂದರು.

ಗುರುಪಾದಯ್ಯನವರು ಬೀಗರ ಊರಿಗೆ ಮದುವೆಗೆ ಹೋಗಿದ್ದರು. ಮಹಾನಂದಾ ಒಬ್ಬಳೇ ಇದ್ದಳು. ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆದಳು. ಎಲುಬು ಎಲ್ಲಿಯೂ ಮುರಿದಿರಲಿಲ್ಲ. ಮೊಣಚಿಪ್ಪು ಜಾಗದಲ್ಲಿತ್ತು. ಮೊಣಕಾಲು ಸರಿಯಾಗಿದೆ ಎಂದು ಬರೆದು ಸಹಿ ಹಾಕಿ, ಬೇಕಾದರೆ ಶಹರದಲ್ಲಿ ಎಂಆರ್‌ಐ ಮಾಡಿಸಿರಿ ಎಂದಳು.

ವಸ್ತಾದರು ಮಾಡಿಸಿದರು. ಮೊಣಕಾಲಿನ ಒಳಗಿನ ಗಾದಿ, ಹಗ್ಗದಂಥ ಕಟ್ಟುಗಳು, ಎಲ್ಲವೂ ಸರಿಯಿವೆ ಎಂದು ಅಲ್ಲಿಯೂ ಬರೆದುಕೊಟ್ಟರು. ಆ ಚಿತ್ರಗಳನ್ನು ಮಹಾನಂದಾಳಿಗೂ ತೋರಿಸಲು ತಂದರು. ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಅವಳಿಗೂ ಏನೂ ಕಾಣಲಿಲ್ಲ. ಸರಿಯಿದೆ ಎಂದು ಎರಡನೇ ಸಲ ಬರೆದಳು.

ಆ ಚೀಟಿ ಹಾಸ್ಟೆಲಿಗೆ ಹೋಯಿತು.

ಹಾಸ್ಟೆಲಿನವರು ಚೀಟಿ ಓದಿದರು. ಏನೂ ಆಗಿಲ್ಲವೆಂದರೆ ನಾಳೆಯಿಂದ ಅಭ್ಯಾಸಕ್ಕೆ ಬಾ, ಇಲ್ಲವೆಂದರೆ ಐದು ದಿನದಲ್ಲಿ ಜಾಗ ಖಾಲಿ ಮಾಡು, ಬೇರೆ ಹುಡುಗಿಯರು ಕಾಯುತ್ತಿದ್ದಾರೆ ಎಂದರು. ಯಮನವ್ವ ಮರುದಿನ ಮ್ಯಾಟಿನ ಮೇಲೆ ಇಳಿದಳು. ಎರಡು ಹೆಜ್ಜೆ ಇಟ್ಟು ಬಿದ್ದಳು.

ಪೆಟ್ಟು ಬಿದ್ದ ಒಂಬತ್ತನೇ ದಿನ ವಸ್ತಾದರು ಅವಳನ್ನು ಮತ್ತೆ ಹೊಳೆ ದಂಡೆಗೆ ಕರೆತಂದರು. ಈ ಸಲ ಗುರುಪಾದಯ್ಯನವರು ಇದ್ದರು.

ಮಹಾನಂದಾ ಎಲ್ಲ ಚಿತ್ರಗಳನ್ನೂ ಅವರ ಮುಂದೆ ಹರಡಿ ಒಂದೊಂದನ್ನೇ ವಿವರಿಸಿದಳು. ಎಲುಬು ಮುರಿದಿಲ್ಲ, ಕಟ್ಟು ಹರಿದಿಲ್ಲ, ಮೊಣಕಾಲಿನೊಳಗೆ ನೀರು ಕೂಡ ಇಲ್ಲ. ಕೊನೆಗೆ ದನಿ ತಗ್ಗಿಸಿ, ಆದರೆ ಹುಡುಗಿಗೆ ಕೇಳಿಸುವಷ್ಟೇ ಸಮೀಪದಲ್ಲಿ ನಿಂತು ಹೇಳಿದಳು.

"ಬಿದ್ದ ಅಂಜಿಕೆ ಕೂತಿರಬೇಕ್ರಿ."

ವಸ್ತಾದರು ತಲೆಯಾಡಿಸಿದರು. ತಮಗೂ ಹಾಗೇ ಅನ್ನಿಸಿದೆ, ಒಳ್ಳೊಳ್ಳೆಯ ಗಂಡುಹುಡುಗರೂ ಒಮ್ಮೆ ಬಿದ್ದ ಮೇಲೆ ಹಿಂಗೇ ನೆಪ ಹೇಳುವುದನ್ನು ನೋಡಿದ್ದೇನೆ ಎಂದರು.

ಯಮನವ್ವ ಅಳಲಿಲ್ಲ. ಮಹಾನಂದಾಳ ಮುಖವನ್ನೇ ನೋಡಿದಳು.

"ಅಂಜಾಕಿ ಆಗಿದ್ರ, ಅಕ್ಕಾರ, ನಾನು ಕುರಿ ಹಿಂದನ ಇರ್ತಿದ್ದೆ."

ಗುರುಪಾದಯ್ಯನವರು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಲಕೋಟೆಯೊಳಗೆ ಹಾಕಿ, ತಮ್ಮ ತೊಡೆಯ ಕೆಳಗಿಟ್ಟುಕೊಂಡು ಕೂತರು.

"ತಂಗಿ, ಎಲ್ಲಿ ಬ್ಯಾನಿ? ಒಂದ ಬೆರಳಲೆ ತೋರಿಸು."

ಹುಡುಗಿ ಬೆರಳಿಟ್ಟಳು. ಅವಳ ಬೆರಳು ಮೊಣಕಾಲಿನ ಮೇಲೆ ಹೋಗಲಿಲ್ಲ. ಅದಕ್ಕಿಂತ ಕೆಳಗೆ, ಕಾಲಿನ ಹೊರಮಗ್ಗುಲಲ್ಲಿ, ಸಣ್ಣ ಗಂಟಿನಂತೆ ಎಲುಬು ಕೈಗೆ ಹತ್ತುವ ಕಡೆ ನಿಂತಿತು.

ಗುರುಗಳು ಶಿಷ್ಯೆಯ ಕಡೆ ತಿರುಗಿದರು.

"ಅಲ್ಲೇನೈತಿ?"

ಕೆಳಗಾಲಿನಲ್ಲಿ ಎರಡು ಎಲುಬು, ಒಳಗಿನದು ದಪ್ಪ, ಹೊರಗಿನದು ಸಣ್ಣ, ಅದು ಆ ಸಣ್ಣ ಎಲುಬಿನ ತಲೆ ಎಂದಳು ಮಹಾನಂದಾ. ಅಷ್ಟಕ್ಕೆ ನಿಲ್ಲಿಸದೆ ಇನ್ನೊಂದು ಮಾತು ಸೇರಿಸಿದಳು.

"ಅದು ಮೊಣಕಾಲಿಗೆ ಸೇರಿದ್ದಲ್ರಿ."

"ಮತ್ತ ಯಾರಿಗೆ ಸೇರಿದ್ದು?"

ಮಹಾನಂದಾ ಮೊಣಕಾಲಿನ ಚಿತ್ರ ಓದುವಾಗ ಅದು ಕೆಳಗೆ ಉಳಿಯುತ್ತಿತ್ತು. ಹರಡು ಓದುವಾಗ ಮೇಲೆ ಉಳಿಯುತ್ತಿತ್ತು. ಎರಡು ಸಾವಿರ ಚಿತ್ರಗಳಲ್ಲಿ ಅದು ಅವಳ ಕಣ್ಣ ಮುಂದೆ ಹಾದುಹೋಗಿತ್ತು. ಯಾರೂ ಅದರ ಬಗ್ಗೆ ಕೇಳಿರಲಿಲ್ಲ.

ಗುರುಪಾದಯ್ಯನವರು ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಅದರೊಳಗೆ ಅವರು ವಿದ್ಯಾರ್ಥಿಯಾಗಿದ್ದಾಗಿನ ಒಣ ಎಲುಬುಗಳು, ತಿಕ್ಕಿ ತಿಕ್ಕಿ ಹಳದಿಯಾದವು. ಎರಡನ್ನು ಆರಿಸಿ ಅವಳ ಕೈಗೆ ಕೊಟ್ಟರು.

"ಇವೆರಡೂ ಎಲ್ಲಿ ಕೂಡ್ತಾವ ನೋಡಿಕೊಂಡು ಬಾ. ಕಣ್ಣು ಮುಚ್ಚಿ ನೋಡು."

ಹುಡುಗಿಗೆ ನೋವು, ಹಾಸ್ಟೆಲಿನವರು ಕೊಟ್ಟ ಗಡುವು ನಾಳೆ ಮುಗಿಯುತ್ತದೆ, ಈಗ ಎಲುಬು ಹಿಡಿದುಕೊಂಡು ಕೂರುವ ಹೊತ್ತೇ ಎಂದು ಅವಳಿಗೆ ಸಿಟ್ಟು ಬಂತು. ಆದರೂ ಹೋದಳು. ಹೊಳೆಯ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದಳು.

ಮೊದಲು ಅವಳು ಸಣ್ಣ ಎಲುಬನ್ನು ದಪ್ಪ ಎಲುಬಿನ ಪಕ್ಕಕ್ಕೆ ನೇರವಾಗಿ ಹಚ್ಚಿದಳು. ಕೂರಲಿಲ್ಲ. ಮುಂದಕ್ಕೆ ತಂದಳು. ಕೂರಲಿಲ್ಲ. ಚಿತ್ರಗಳಲ್ಲಿ ನೂರಾರು ಸಲ ಅವೆರಡನ್ನೂ ಒಟ್ಟಿಗೆ ನೋಡಿದ್ದ ಅವಳಿಗೆ, ಕೈಯಲ್ಲಿ ಹಿಡಿದಾಗ ಒಂದಕ್ಕೊಂದು ಎಲ್ಲಿ ಅಂಟುತ್ತವೆ ಎಂಬುದೇ ತಿಳಿಯಲಿಲ್ಲ.

ಬಿಸಿಲು ಎರಡು ಮೆಟ್ಟಿಲು ಇಳಿಯಿತು. ಸಿಟ್ಟೂ ಇಳಿಯಿತು.

ಆಮೇಲೆ ಅವಳು ದೂಡುವುದನ್ನು ಬಿಟ್ಟು ಸವರತೊಡಗಿದಳು. ದಪ್ಪ ಎಲುಬಿನ ತಲೆಯ ಕೆಳಗೆ, ಹೊರಮಗ್ಗುಲಿನ ಹಿಂಬದಿಗೆ, ಹೆಬ್ಬೆರಳಿನ ಉಗುರಿನಷ್ಟು ಒಂದು ನುಣುಪು ಜಾಗ ಸಿಕ್ಕಿತು. ಉಳಿದ ಎಲುಬೆಲ್ಲ ಒರಟು, ಅಷ್ಟು ಮಾತ್ರ ನುಣುಪು. ಸಣ್ಣ ಎಲುಬಿನ ತಲೆಯಲ್ಲಿಯೂ ಅಷ್ಟೇ ಅಗಲದ ಇನ್ನೊಂದು ನುಣುಪು. ಎರಡನ್ನೂ ಸೇರಿಸಿದಳು. ಕೂತವು.

ಕಣ್ಣು ಮುಚ್ಚಿಯೇ ಅವಳು ಅದನ್ನು ಅಲುಗಾಡಿಸಿ ನೋಡಿದಳು. ಆ ನುಣುಪು ಜಾಗ ಮಟ್ಟಸವಾಗಿರಲಿಲ್ಲ, ಮನೆಯ ಮಾಡಿನಂತೆ ಇಳಿಜಾರಾಗಿತ್ತು. ಎಂದೋ ಪರೀಕ್ಷೆಗೆಂದು ಓದಿದ ನಾಲ್ಕು ಸಾಲು ಆಗ ನೆನಪಿಗೆ ಬಂದವು. ಕೆಲವರಲ್ಲಿ ಈ ಕೀಲು ಮಟ್ಟಸ, ಕೆಲವರಲ್ಲಿ ಇಳಿಜಾರು. ಇಳಿಜಾರಾಗಿದ್ದವರಲ್ಲಿ ಜಾರುವ ಸಂಭವ ಹೆಚ್ಚು. ಪಾದ ಮೇಲೆತ್ತಿದಾಗ ಈ ಸಣ್ಣ ಎಲುಬು ಇಲ್ಲಿ ಒಂದಿಷ್ಟೇ ತಿರುಗುತ್ತದೆ. ಪಾದ ಎತ್ತುವ ನರ ಇದರ ಕುತ್ತಿಗೆಯನ್ನೇ ಬಳಸಿ ಹೋಗುತ್ತದೆ.

ಓದಿದ್ದಳು, ಬರೆದಿದ್ದಳು, ಅಂಕ ಪಡೆದಿದ್ದಳು, ಮರೆತಿದ್ದಳು.

ಗುರುಪಾದಯ್ಯನವರು ಮೆಟ್ಟಿಲಿಳಿದು ಬಂದು ಪಕ್ಕದಲ್ಲಿ ಕೂತರು.

"ಕೂತಿತೇನು?"

"ಕೂತಿತ್ರಿ. ಗಟ್ಟಿ ಹಿಡಿಯಾಕ ಏನೂ ಇಲ್ಲ. ಕಟ್ಟು ಸಡಿಲಾದರ ಜಾರತೈತಿ."

"ಯಾ ಕಡೆ?"

ಅವಳು ಬೆರಳಿನಿಂದ ಮೆಲ್ಲಗೆ ದೂಡಿ ನೋಡಿದಳು. "ಮುಂದಕ್ಕ. ಹೊರಗ."

"ಎಲುಬು ಹೇಳಿತು. ಇನ್ನ ಹುಡುಗೀನ ಕೇಳು."

ಮಹಾನಂದಾ ಹೋಗಿ ಯಮನವ್ವನ ಹಾಸಿಗೆಯ ಅಂಚಿನಲ್ಲಿ ಕೂತಳು. ಮೊದಲು ಬಲಗಾಲು ಕೇಳಿದಳು. ನೋವಿರುವುದು ಎಡಗಾಲು ಎಂದಳು ಹುಡುಗಿ. ಗೊತ್ತು, ಸರಿಯಿದ್ದದ್ದು ಹೇಗಿರುತ್ತದೆ ಎಂದು ಮೊದಲು ತಿಳಿಯಬೇಕು ಎಂದಳು ಮಹಾನಂದಾ.

ಬಲಮೊಣಕಾಲು ಮಡಚಿಸಿ, ಆ ಗಂಟನ್ನು ಎರಡು ಬೆರಳಿನ ನಡುವೆ ಹಿಡಿದು ಹಿಂದೆ ಮುಂದೆ ಅಲುಗಿಸಿದಳು. ಒಂದಿಷ್ಟೇ ಅಲುಗಿತು. ಈಗ ಎಡಗಾಲು. ಹಿಡಿಯಲು ಹೋದ ಬೆರಳಿಗೆ ಅಲ್ಲಿ ಏನೂ ಸಿಗಲಿಲ್ಲ. ಎಲುಬಿನ ತಲೆ ಅದಿರಬೇಕಾದ ಜಾಗದಲ್ಲಿರಲಿಲ್ಲ. ಒಂದು ಬೆರಳಿನಗಲ ಮುಂದಕ್ಕೆ, ಹೊರಕ್ಕೆ ಎದ್ದು ನಿಂತಿತ್ತು. ಕಣ್ಣಿಗೆ ಬಾವಿನಂತೆ ಕಂಡದ್ದು ಬಾವಲ್ಲ, ಎಲುಬು.

ಪಾದ ಮೇಲೆತ್ತಲು ಹೇಳಿದಳು. ಹುಡುಗಿ ಎತ್ತಿದಳು, ಹಲ್ಲು ಕಚ್ಚಿಕೊಂಡು. ನೋವು ಪಾದದಲ್ಲಲ್ಲ, ಆ ಎಲುಬಿನ ತಲೆಯಲ್ಲಿಯೇ ಬಂತು. ಪಾದದ ಮೇಲ್ಭಾಗ ಜುಮ್ಮೆನ್ನುತ್ತದೆಯೇ ಎಂದು ಕೇಳಿದಳು. ಬಿದ್ದ ದಿನದಿಂದ ಅನ್ನುತ್ತದೆ, ಆದರೆ ಯಾರೂ ಕೇಳಲಿಲ್ಲ ಎಂದಳು ಯಮನವ್ವ.

ಮಹಾನಂದಾ ಅವಳನ್ನು ಹಳೇ ಯಂತ್ರದ ಮೇಲೆ ಮಲಗಿಸಿದಳು. ಈ ಸಲ ಎರಡೂ ಮೊಣಕಾಲು ಒಂದೇ ಚಿತ್ರದಲ್ಲಿ, ಎರಡೂ ಪಾದದ ಹೆಬ್ಬೆರಳು ಒಂದೇ ಕಡೆಗೆ. ಆಮೇಲೆ ಒಂದೊಂದು ಕಾಲನ್ನೂ ಒಳಕ್ಕೆ ಹೊರಳಿಸಿ ಇನ್ನೊಂದೊಂದು. ಕೀಲು ಹಿಂಬದಿಗೆ ಮುಖ ಮಾಡಿ ಕೂತಿರುವುದರಿಂದ ಕಾಲು ಹೊರಳಿಸದೆ ಅದರ ಸಂದು ಕಾಣುವುದಿಲ್ಲ ಎಂಬುದು ಈಗ ಅವಳ ಕೈಗೆ ಗೊತ್ತಿತ್ತು.

ಬಲಗಾಲಲ್ಲಿ ಸಣ್ಣ ಎಲುಬಿನ ತಲೆ ದಪ್ಪ ಎಲುಬಿನ ಮರೆಯಲ್ಲಿ ಅರ್ಧ ಅಡಗಿತ್ತು. ಎಡಗಾಲಲ್ಲಿ ಅದು ಮರೆ ಬಿಟ್ಟು ಹೊರಗೆ ಬಂದು, ಒಂಟಿಯಾಗಿ ನಿಂತಿತ್ತು.

ಅವಳು ಗುರುಗಳ ಹತ್ತಿರ ಹೋಗಿ ಕೈ ಚಾಚಿದಳು. ಅವರು ತೊಡೆಯ ಕೆಳಗಿನಿಂದ ಲಕೋಟೆ ತೆಗೆದುಕೊಟ್ಟರು. ಅಡ್ಡಕ್ಕೆ ಕೊಯ್ದಂತೆ ತೆಗೆದ ಎಂಆರ್‌ಐ ಚಿತ್ರಗಳು ಒಂದು ಹಾಳೆಯಲ್ಲಿ ಸಾಲಾಗಿದ್ದವು. ಅವಳು ಮೇಲಿನಿಂದ ಓದಲಿಲ್ಲ. ಎಲ್ಲಕ್ಕಿಂತ ಕೆಳಗಿನ ಸಾಲು, ಕೊನೆಯ ಮೂರು ಚಿತ್ರ. ಹಾಳೆಯ ಅಂಚಿನಲ್ಲಿ, ಜಾಗ ಬಿಟ್ಟು ನಿಂತ ಎಲುಬು, ಅದರ ಸುತ್ತ ಬಿಳಿ ನೀರು.

ಇಲ್ಲಿಯೇ ಇತ್ತು. ಇದರ ಮೇಲೆ ಹೆಬ್ಬೆರಳಿಟ್ಟುಕೊಂಡೇ ಅವಳು ಹಾಳೆಯನ್ನು ಬೆಳಕಿಗೆ ಹಿಡಿದಿದ್ದಳು.

ಯಾರೂ ಹೇಳದಿದ್ದರೂ ಮಹಾನಂದಾ ಹಾಸಿಗೆಯ ಹತ್ತಿರ ವಾಪಸು ಹೋದಳು. ವಸ್ತಾದರೂ ಅಲ್ಲಿಯೇ ಇದ್ದರು.

"ಯಮನವ್ವ, ನಿನ್ನ ಕಾಲಾಗ ಒಂದು ಕೀಲು ತಪ್ಪೇತಿ. ಮೊದಲನೇ ದಿನದಿಂದ ತಪ್ಪೇತಿ. ನಾನು ನೋಡಲಿಲ್ಲ. ನಿನಗ ಅಂಜಾಕಿ ಅಂದೆ. ತಪ್ಪು ನಂದು."

ಹುಡುಗಿ, ಹಾಗಾದರೆ ಅದು ಕೂರುತ್ತದೆಯೇ ಎಂದಷ್ಟೇ ಕೇಳಿದಳು. ದಸ್ತಗೀರ ವಸ್ತಾದರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ.

ಕೂರಿಸಬೇಕು, ಅದೂ ಇವತ್ತೇ ಕೂರಿಸಬೇಕು ಎಂದರು ಗುರುಪಾದಯ್ಯನವರು. ಒಂಬತ್ತು ದಿನ ಆಗಿದೆ, ಒಂದೊಂದು ದಿನ ಹೋದಂತೆ ಎಲುಬು ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಕೊಯ್ದೇ ಕೂರಿಸಬೇಕಾಗುತ್ತದೆ. ಮಹಾನಂದಾ ಅವರ ಕೈ ನೋಡಿದಳು. ಮೊಣಕಾಲಿನ ಮೇಲೆ ಇಟ್ಟಿದ್ದರೂ ಅದು ನಡುಗುತ್ತಿತ್ತು.

"ನಾನು ಚಿತ್ರ ಓದಾಕಿ, ಗುರುಗಳ. ಇಂಥಾದ್ದು ಮಾಡಿದಾಕಿ ಅಲ್ಲ."

"ಬಾಯಿ ನಂದು. ಕೈ ನಿಂದು."

ನೋವು ಮರೆಸುವ ಸೂಜಿಯನ್ನು ಆ ಜಾಗಕ್ಕೆ ಚುಚ್ಚಿದಳು. ಅದು ಹಿಡಿಯುವವರೆಗೂ ಕಾದರು. ತೊಡೆ ಅಲುಗದಂತೆ ಯಾರಾದರೂ ಹಿಡಿಯಬೇಕಿತ್ತು. ವಸ್ತಾದರು ತಾವೇ ಮುಂದೆ ಬಂದು, ನಲವತ್ತು ವರ್ಷ ಜಟ್ಟಿಗಳನ್ನು ಹಿಡಿದ ಕೈಗಳಿಂದ ಹುಡುಗಿಯ ತೊಡೆ ಹಿಡಿದು ನಿಂತರು.

ಮಹಾನಂದಾ ಎರಡೂ ಹೆಬ್ಬೆರಳನ್ನು ಎಲುಬಿನ ಮೇಲಿಟ್ಟು ಹಿಂದಕ್ಕೆ ಒತ್ತಿದಳು. ಅಲುಗಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಯಮನವ್ವ ಹಾಸಿಗೆಯ ಸರಳನ್ನು ಬಿಗಿಯಾಗಿ ಹಿಡಿದಳು. ಅಲುಗಲಿಲ್ಲ. ಮಹಾನಂದಾಳ ಹಣೆಯಿಂದ ಬೆವರು ಹನಿಯಿತು. ಶಹರಕ್ಕೆ ಕಳಿಸೋಣ, ತನ್ನಿಂದ ಆಗದು ಎಂದಳು.

ಗುರುಪಾದಯ್ಯನವರು ಕೂತಲ್ಲಿಂದ ಏಳಲಿಲ್ಲ.

"ದೂಡಬ್ಯಾಡ. ದಾರಿ ಬಿಡು."

ಅವಳು ಕೈ ತೆಗೆದು ನಿಂತಳು. ಹೊಳೆಯ ಮೆಟ್ಟಿಲ ಮೇಲೆ ದೂಡಿದಾಗಲೂ ಅದು ಕೂತಿರಲಿಲ್ಲ. ಮೊಣಕಾಲು ಸಾಕಷ್ಟು ಮಡಚಿರಲಿಲ್ಲ ಎಂದು ಈಗ ಕಂಡಿತು. ಮಡಚದೆ ಇದ್ದರೆ ಹೊರಮಗ್ಗುಲಿನ ಕಟ್ಟೂ ಸ್ನಾಯುವೂ ಆ ಎಲುಬನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತವೆ. ಮೊಣಕಾಲನ್ನು ಬಡಗಿಯ ಮೂಲೆಕಟ್ಟಿನಂತೆ ಲಂಬಕೋನಕ್ಕೆ ಮಡಚಿಸಿದಳು. ಬಿಗಿ ಸಡಿಲಾಯಿತು. ಒಂದು ಕೈಯಿಂದ ಪಾದವನ್ನು ಮೇಲೆತ್ತಿ ಹೊರಕ್ಕೆ ತಿರುಗಿಸಿದಳು, ಬಿದ್ದಾಗ ತಿರುಚಿದ್ದಕ್ಕೆ ಪೂರಾ ಉಲ್ಟಾ. ಇನ್ನೊಂದು ಕೈಯ ಹೆಬ್ಬೆರಳನ್ನು ಎಲುಬಿನ ಮೇಲಿಟ್ಟಳು. ಕಣ್ಣು ಮುಚ್ಚಿದಳು. ಆ ನುಣುಪು ಇಳಿಜಾರು ಎಲ್ಲಿದೆ ಎಂದು ನೆನೆದು, ಅದರ ಕಡೆಗೆ ಒತ್ತಿದಳು.

ಟಕ್ ಅಂತು.

ಈ ಸಲ ವಸ್ತಾದರಿಗೂ ಕೇಳಿಸಿತು.

ಯಮನವ್ವ ಉಸಿರು ಬಿಟ್ಟಳು. ಆಮೇಲೆ ನಕ್ಕಳು. ಒಂಬತ್ತು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಮಹಾನಂದಾ ಪಾದ ಎತ್ತಲು ಹೇಳಿದಳು. ಎತ್ತಿದಳು. ಹೆಬ್ಬೆರಳು ಎತ್ತಲು ಹೇಳಿದಳು. ಎತ್ತಿದಳು. ಹಲ್ಲು ಕಚ್ಚಲಿಲ್ಲ.

ಮತ್ತೆ ಚಿತ್ರ ತೆಗೆದರು. ಎಡ ಬಲ ಎರಡೂ ಒಂದೇ ಅಚ್ಚಿನಲ್ಲಿ ಒತ್ತಿದಂತಿದ್ದವು. ಮಹಾನಂದಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಇದ್ದಳು. ಅವಳಿಗೆ ಪದಕ ಬಂದ ದಿನವೂ ಎದೆ ಹೀಗೆ ತುಂಬಿರಲಿಲ್ಲ.

ಆಮೇಲೆ ಕೂತು ಹಾಸ್ಟೆಲಿಗೆ ಪತ್ರ ಬರೆದಳು. ಹಿಂದಿನ ಎರಡು ಚೀಟಿಗಳಲ್ಲಿ ತಾನು ಬರೆದದ್ದು ತಪ್ಪು, ಹುಡುಗಿಯ ಕೀಲು ತಪ್ಪಿದ್ದು ನಿಜ, ಈಗ ಕೂರಿಸಿದೆ, ನಾಲ್ಕು ತಿಂಗಳ ಆರೈಕೆ ಬೇಕು, ಅವಳ ಜಾಗ ಉಳಿಸಬೇಕು ಎಂದು ಸ್ಪಷ್ಟವಾಗಿ ಬರೆದಳು. ಕೆಳಗೆ ದೊಡ್ಡದಾಗಿ ಸಹಿ ಹಾಕಿದಳು. ವಸ್ತಾದರು ಅದನ್ನು ಅಂಚೆಗೆ ಹಾಕಲಿಲ್ಲ, ತಾವೇ ಒಯ್ದು ಕೊಟ್ಟರು. ಏನು ಮಾತಾಡಿದರೋ ಗೊತ್ತಿಲ್ಲ, ಜಾಗ ಉಳಿಯಿತು.

ಸಂಜೆ ಗುರುಗಳು ಎಲುಬುಗಳನ್ನು ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಮಹಾನಂದಾ ಎದುರಿಗೆ ಕೂತಳು.

"ನಿಮಗ ನೋಡಿದ ಕೂಡಲೆ ಗೊತ್ತಾಗಿತ್ತು. ಮತ್ತ ಯಾಕ ಹೇಳಲಿಲ್ರಿ?"

"ಗೊತ್ತಿದ್ದಿಲ್ಲವ್ವಾ."

ಅವಳು ನಂಬಲಿಲ್ಲ.

"ನಲವತ್ತು ವರ್ಷದಾಗ ಈ ಕೀಲು ತಪ್ಪಿದ್ದನ್ನ ಎರಡ ಸಲ ನೋಡೀನಿ. ಇದೂ ಅದ ಅಂತ ಹೆಂಗ ಹೇಳಲಿ? ಅಕಿ ಸುಳ್ಳು ಹೇಳಾಂಗಿಲ್ಲ, ಅಷ್ಟ ಗೊತ್ತಿತ್ತು. ಅಲ್ಲಿಂದ ಹಿಡಕೊಂಡು ನೀನ ನಡೆದಿ."

ಮೂರು ವಾರ ಯಮನವ್ವನ ಕಾಲಿಗೆ ಪಟ್ಟಿ ಇತ್ತು, ಕಂಕುಳಲ್ಲಿ ಊರುಗೋಲು ಇತ್ತು. ಜುಮ್ಮೆನ್ನುವುದು ಮೊದಲ ವಾರದಲ್ಲೇ ಹೋಯಿತು. ಪಟ್ಟಿ ಬಿಚ್ಚಿದ ಮೇಲೆ ಮಹಾನಂದಾ ಅವಳನ್ನು ಹೊಳೆಯ ಉಸುಕಿನಲ್ಲಿ ನಡೆಸಿದಳು. ಮೊದಲು ನಡೆಯುವುದು, ಆಮೇಲೆ ಕುಕ್ಕರಗಾಲಲ್ಲಿ ಕೂತು ಏಳುವುದು, ಆಮೇಲೆ ಒಂಟಿಗಾಲಲ್ಲಿ ನಿಲ್ಲುವುದು. ಪ್ರತಿ ವಾರ ಎರಡೂ ಕಾಲು ಮುಟ್ಟಿ ನೋಡುತ್ತಿದ್ದಳು, ಮೊದಲು ಬಲ, ಆಮೇಲೆ ಎಡ. ವಸ್ತಾದರು ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು. ಬಾದಾಮಿ ತರುತ್ತಿದ್ದರು. ಮ್ಯಾಟಿಗೆ ಯಾವಾಗ ಎಂದು ಕೇಳಲು ಬಾಯಿ ತೆರೆದು, ಕೇಳದೆಯೇ ಹೋಗುತ್ತಿದ್ದರು.

ಐದನೇ ತಿಂಗಳು ಅವಳು ಮ್ಯಾಟಿಗೆ ಇಳಿದಳು. ಎಂಟನೇ ತಿಂಗಳು ರಾಜ್ಯ ತಂಡದ ಆಯ್ಕೆ ಕುಸ್ತಿ ಬಂತು.

ಗುರುಪಾದಯ್ಯನವರೂ ಮಹಾನಂದಾಳೂ ನೋಡಲು ಹೋದರು. ಯಮನವ್ವ ಕೆಂಪು ಉಡುಪಿನಲ್ಲಿದ್ದಳು. ಬೆಳಿಗ್ಗೆ ಇಬ್ಬರನ್ನು ಸೋಲಿಸಿ ಕೊನೆಯ ಕುಸ್ತಿಗೆ ಬಂದಿದ್ದಳು. ಎದುರಾಳಿ ಬೇರೆ ಜಿಲ್ಲೆಯವಳು, ನೀಲಿ ಉಡುಪಿನವಳು, ಇವಳಿಗಿಂತ ಒಂದು ಗೇಣು ಎತ್ತರ.

ಆರು ನಿಮಿಷದ ಕುಸ್ತಿಯಲ್ಲಿ ನಾಲ್ಕು ನಿಮಿಷ ಕಳೆದಾಗ ಯಮನವ್ವ ಎರಡು ಅಂಕ ಹಿಂದಿದ್ದಳು. ಐದನೇ ನಿಮಿಷದಲ್ಲಿ ನೀಲಿ ಉಡುಪಿನವಳು ಬಗ್ಗಿ, ನುಗ್ಗಿ, ಅವಳ ಎಡಗಾಲಿನ ಹರಡು ಹಿಡಿದಳು.

ಮಹಾನಂದಾ ಎದ್ದು ನಿಂತಳು. ವಸ್ತಾದರು ಕಣ್ಣು ಮುಚ್ಚಿದರು.

ಮೊಣಕಾಲು ಮಡಚಿತು. ಪಾದ ತಿರುಚತೊಡಗಿತು. ಮೈಭಾರ ಅದರ ಮೇಲೆ ಬೀಳುವುದರಲ್ಲಿತ್ತು. ಯಮನವ್ವ ಕಾಲು ಕಿತ್ತುಕೊಳ್ಳಲು ಹೋಗಲಿಲ್ಲ. ಎಳೆದ ಕಡೆಗೇ ಹೊರಳಿ, ಆ ಕಾಲಿನ ಮೇಲೆಯೇ ಇಡೀ ಮೈ ಎತ್ತಿ ನಿಂತಳು. ಕಾಲು ತಡೆಯಿತು. ನಿಂತವಳು ಎದುರಾಳಿಯ ತೋಳು ಸೆಳೆದು, ಸೊಂಟದ ಮೇಲಿಂದ ಎತ್ತಿ ಕೆಡವಿದಳು. ಎರಡೂ ಭುಜ ಮ್ಯಾಟಿಗೆ ತಾಗಿದವು. ತೀರ್ಪುಗಾರ ಕೈಯಿಂದ ಮ್ಯಾಟ್ ಬಡಿದು ಸೀಟಿ ಊದಿದ.

ಚಿತ್.

ಸಭಾಂಗಣವೇ ಎದ್ದಿತು. ಅವಳ ಹಾಸ್ಟೆಲಿನ ಹುಡುಗಿಯರು ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ಕುರಿ ಕಾಯುವ ಅವಳ ತಂದೆ ಮೆಟ್ಟಿಲ ಮೇಲಿನಿಂದ ಭಂಡಾರ ಎರಚಿದರು, ಹಳದಿ ಪುಡಿ ಎಲ್ಲರ ತಲೆಯ ಮೇಲೆ ಬಿತ್ತು. ದಸ್ತಗೀರ ವಸ್ತಾದರು ಗೆದ್ದ ಖುಷಿಗೆ ಜನ ತಮಗೆ ಸುತ್ತಿದ ರುಮಾಲನ್ನು ತೆಗೆದು ಮಹಾನಂದಾಳ ತಲೆಗೆ ಸುತ್ತಿದರು. ದೊಡ್ಡ ಯಂತ್ರಕ್ಕೂ ಕಾಣದ್ದನ್ನು ಕಂಡ ಡಾಕ್ಟರು ಇವರೇ ಎಂದು ಬಂದವರಿಗೆಲ್ಲ ತೋರಿಸಿದರು. ಜನ ಬಂದು ಕೈ ಮುಗಿದರು.

ಹೆಗಲ ಮೇಲಿಂದ ಯಮನವ್ವ ಮಹಾನಂದಾಳನ್ನು ಹುಡುಕಿ, ಎಡಗಾಲನ್ನು ಗಾಳಿಯಲ್ಲಿ ಎತ್ತಿ ತೋರಿಸಿದಳು. ಮಹಾನಂದಾ ಗುರುಗಳ ಹತ್ತಿರ ಬಂದು ಕಾಲು ಮುಟ್ಟಿ ನಮಸ್ಕರಿಸಿದಳು. ಎದ್ದವಳು ತಲೆಯ ರುಮಾಲು ಸರಿಮಾಡಿಕೊಂಡು ಕೇಳಿದಳು.

"ಈಗ ನನಗ ನೋಡಾಕ ಬಂತೇನ್ರಿ, ಗುರುಗಳ?"

ಗುರುಪಾದಯ್ಯನವರು ಗೆದ್ದವರ ಗುಂಪಿನ ಕಡೆ ನೋಡುತ್ತಿರಲಿಲ್ಲ. ಖಾಲಿಯಾದ ಮ್ಯಾಟಿನ ಆಚೆ ತುದಿಯ ಕಡೆ ನೋಡುತ್ತಿದ್ದರು.

"ಆ ನೀಲಿ ಅಂಗಿಯಾಕಿ ಹೆಗಲ ಹಿಡಕೊಂಡು ಒಬ್ಬಾಕಿನ ಕುಂತಾಳ. ಹೋಗು, ಕೇಳಿ ಬಾ."